ಭಾಷೆಯೊಳಗೊಂದು ಪುಟ್ಟ ಸರ್ವರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ತಾವೇ ಕಟ್ಟಿದ ಪ್ರೋಗ್ರಾಮಿಂಗ್ ಭಾಷೆಗೆ ವೆಬ್ ಸರ್ವರ್ ಸೇರಿಸುವುದು ಹೇಗೆ, ಸೇರಿಸಿದ್ದು ಕೈಕೊಟ್ಟರೆ ಏನು ಮಾಡುವುದು ಎಂಬ ಪ್ರಶ್ನೆಗಳು. ಉಳಿದವನ್ನು ಮುಂದಿನ ಕಂತಿಗೆ ಇಟ್ಟುಕೊಂಡು ಇವನ್ನೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾವು ಮೂವರು ಸೇರಿ ಕನ್ನಡ ಕೀವರ್ಡ್‌ಗಳಿರುವ ಒಂದು ಸಣ್ಣ ಭಾಷೆ ಮಾಡಿದ್ದೇವೆ. ಇಂಟರ್‌ಪ್ರಿಟರ್ ಸಿ ಭಾಷೆಯಲ್ಲಿ ಉಂಟು. ಪಿಎಚ್‌ಪಿಯ ಹಾಗೆ ಒಂದು ಕಮಾಂಡ್ ಕೊಟ್ಟ ಕೂಡಲೇ ಫೋಲ್ಡರಿನ ಪುಟಗಳು ಬ್ರೌಸರಿನಲ್ಲಿ ಕಾಣಬೇಕು. ಎಲ್ಲಿಂದ ಶುರು ಮಾಡುವುದು? ಯಾವುದನ್ನು ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಡಲೇಬಾರದು?
— ಬಿ.ಇ. ವಿದ್ಯಾರ್ಥಿಗಳು, ಮೂಡುಬಿದಿರೆ

ಉತ್ತರ: ಕೋಡಿಗೆ ಕೈ ಹಾಕುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಈ ಸರ್ವರ್ ಪ್ರೋಗ್ರಾಂ ಬರೆಯುವವರ ಮೇಜಿನ ಮೇಲೆ ಮಾತ್ರ ಓಡಬೇಕೋ, ಊರಿಗೆಲ್ಲ ಪುಟ ಬಡಿಸಬೇಕೋ? 2012ರ ಮಾರ್ಚ್ ಒಂದೇ ತಿಂಗಳಲ್ಲಿ ಇದಕ್ಕೆ ಎರಡು ಬಗೆಯ ಉತ್ತರ ಬಂದವು. ಆಗ ಹೊರಬಂದ ಪಿಎಚ್‌ಪಿ 5.4ರಲ್ಲಿ ಮೊದಲ ಸಲ ಒಳಗೇ ಸರ್ವರ್ ಇತ್ತು. ಇದನ್ನು ಸಾರ್ವಜನಿಕ ನೆಟ್‌ವರ್ಕಿಗೆ ಬಿಡಬೇಡಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಅದೇ ತಿಂಗಳು ಬಂದ ಗೋ 1ರ ಎಚ್‌ಟಿಟಿಪಿ ಪ್ಯಾಕೇಜನ್ನು ಜನ ನಿಜವಾದ ಸೇವೆಗೇ ಹೂಡುತ್ತಾರೆ. ಎರಡನೆಯ ದಾರಿ ಹಿಡಿದರೆ ಭದ್ರತೆಯ ದುರಸ್ತಿ ಎಂದಿಗೂ ಮುಗಿಯುವುದಿಲ್ಲ. ರೂಬಿಯವರು ವರ್ಷಗಟ್ಟಲೆ ಭಾಷೆಯ ಜೊತೆಗೇ ಕೊಡುತ್ತಿದ್ದ ವೆಬ್‌ರಿಕ್ ಸರ್ವರನ್ನು 2020ರ ಕೊನೆಗೆ, 3.0 ಆವೃತ್ತಿಯಲ್ಲಿ, ಹೊರಗೆ ತೆಗೆದು ಬೇರೆ ಜೆಮ್ (ಬೇಕಾದವರು ಪ್ರತ್ಯೇಕವಾಗಿ ಹಾಕಿಕೊಳ್ಳುವ ಪ್ಯಾಕೇಜ್) ಮಾಡಿದರು. ಮೂವರು ವಿದ್ಯಾರ್ಥಿಗಳಿಗೆ ಪಿಎಚ್‌ಪಿಯ ದಾರಿಯೇ ಸರಿ.

ಕೆಲಸದ ಬುಡ ಏಳು ಸಿಸ್ಟಮ್ ಕರೆಗಳು, ಅಂದರೆ ಆಪರೇಟಿಂಗ್ ಸಿಸ್ಟಮಿಗೆ ಮಾಡುವ ಕರೆಗಳು: ಸಾಕೆಟ್ ತೆರೆಯುವುದು, ಬೈಂಡ್, ಲಿಸನ್, ಆಕ್ಸೆಪ್ಟ್, ರಿಸೀವ್, ಸೆಂಡ್, ಕ್ಲೋಸ್. ವಿಂಡೋಸಿನಲ್ಲಿ ಇವಕ್ಕೂ ಮೊದಲು ವಿನ್‌ಸಾಕ್ ಶುರು ಮಾಡುವ ಕರೆ ಬೇಕು, ಮುಚ್ಚುವ ಕರೆಯ ಹೆಸರೂ ಬೇರೆ. ಬೈಂಡ್ ಮಾಡುವಾಗ ವಿಳಾಸ 127.0.0.1 (ಸ್ವಂತ ಯಂತ್ರಕ್ಕಷ್ಟೇ ಕಾಣುವ ವಿಳಾಸ) ಇರಲಿ, ಪೋರ್ಟ್ 8000 ಇರಲಿ. 80 ಬೇಡ, ಲಿನಕ್ಸಿನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟಿಗೆ ರೂಟ್ ಅಧಿಕಾರ ಕೇಳುತ್ತದೆ. 5000 ಕೂಡ ಬೇಡ. 2021ರ ಮಾಂಟೆರೆ ಆವೃತ್ತಿಯಿಂದೀಚೆಗೆ ಮ್ಯಾಕ್‌ನಲ್ಲಿ ಏರ್‌ಪ್ಲೇ ಆ ಪೋರ್ಟಿನಲ್ಲಿ ಕೂತಿರುತ್ತದೆ. 6000 ಆಯ್ದರೆ ಸರ್ವರ್ ಏಳುತ್ತದೆ, ಆದರೆ ಕ್ರೋಮ್ ಅದನ್ನು ಅಸುರಕ್ಷಿತ ಪೋರ್ಟ್ ಎಂದು ತೆರೆಯುವುದೇ ಇಲ್ಲ.

ಹೊಸಬರು ಎಡವುವುದು ಓದುವ ಜಾಗದಲ್ಲಿ. ಒಂದು ಸಲ ರಿಸೀವ್ ಮಾಡಿದರೆ ಒಂದು ಇಡೀ ಕೋರಿಕೆ ಬಂತು ಎಂದುಕೊಳ್ಳುತ್ತಾರೆ. ಟಿಸಿಪಿ ಕೊಡುವುದು ಬೈಟುಗಳ ಹರಿವು ಮಾತ್ರ. ಒಂದು ಕೋರಿಕೆ ನಾಲ್ಕು ತುಂಡಾಗಿ ಬರಬಹುದು. ಹಾಗಾಗಿ ಬಂದದ್ದನ್ನೆಲ್ಲ ಒಂದು ಬಫರಿಗೆ ಸುರಿಯುತ್ತಾ, 13, 10, 13, 10 ಎಂಬ ನಾಲ್ಕು ಬೈಟು, ಅಂದರೆ ಖಾಲಿ ಸಾಲು, ಸಿಗುವವರೆಗೆ ಓದಬೇಕು. ಬಫರಿಗೆ 8 ಅಥವಾ 16 ಕೆಬಿ ಮಿತಿ ಹಾಕಿ. ಮೀರಿದರೆ 431 (ಹೆಡರ್‌ಗಳು, ಅಂದರೆ ಕೋರಿಕೆಯ ಮೇಲಿನ ವಿವರದ ಸಾಲುಗಳು, ತೀರಾ ದೊಡ್ಡವು) ಎಂಬ ಉತ್ತರ ಕೊಟ್ಟು ಮುಚ್ಚಿ. ಪರೀಕ್ಷಿಸಲು ಬ್ರೌಸರ್ ಬೇಡ. ಸಂಪರ್ಕ ತೆರೆದು ಕೈಯಿಂದಲೇ ಬೈಟು ಕಳಿಸಲು ಬಿಡುವ ನೆಟ್‌ಕ್ಯಾಟಿನಲ್ಲಿ, ಸಾಲಿನ ಕೊನೆಗೆ 13, 10 ಎರಡೂ ಹೋಗುವ ಆಯ್ಕೆ ಹಾಕಿ (ಇಲ್ಲದಿದ್ದರೆ 10 ಮಾತ್ರ ಹೋಗುತ್ತದೆ), ಕೋರಿಕೆಯ ಮೊದಲ ಸಾಲು ಟೈಪ್ ಮಾಡಿ ಒಂದು ನಿಮಿಷ ಸುಮ್ಮನಿರಿ, ಆಮೇಲೆ ಉಳಿದದ್ದನ್ನು ಟೈಪ್ ಮಾಡಿ. ಅಷ್ಟರೊಳಗೆ ನಿಮ್ಮ ಸರ್ವರ್ ತಪ್ಪು ಉತ್ತರ ಕೊಟ್ಟರೂ ಬಿದ್ದುಹೋದರೂ ಓದುವ ಲೂಪ್ ಸರಿಯಿಲ್ಲ ಎಂದೇ ಅರ್ಥ. ಕಾದು ಕಾದು ತಾನೇ ಬಾಗಿಲು ಮುಚ್ಚಿಕೊಂಡರೆ ಅದು ತಪ್ಪಲ್ಲ, ಟೈಮ್‌ಔಟ್ ಕೆಲಸ ಮಾಡುತ್ತಿದೆ.

ಸೆಂಡ್ ಕೂಡ ಹಾಗೆಯೇ. ಕೊಟ್ಟದ್ದರಲ್ಲಿ ಎಷ್ಟು ಬೈಟು ಹೋಯಿತು ಎಂದು ಅದು ಹೇಳುತ್ತದೆ. ಉಳಿದದ್ದನ್ನು ಮತ್ತೆ ಕಳಿಸುವುದು ನಿಮ್ಮ ಹೊಣೆ. ಬ್ರೌಸರಿನವರು ನಡುವೆ ಟ್ಯಾಬ್ ಮುಚ್ಚಿದರೆ ಲಿನಕ್ಸ್ ನಿಮ್ಮ ಪ್ರೋಗ್ರಾಮಿಗೆ ಸಿಗ್‌ಪೈಪ್ ಸಿಗ್ನಲ್ ಕಳಿಸುತ್ತದೆ. ಅದನ್ನು ಕಡೆಗಣಿಸು ಎಂದು ಮೊದಲೇ ಹೇಳಿರದಿದ್ದರೆ ಇಡೀ ಇಂಟರ್‌ಪ್ರಿಟರ್ ಸದ್ದಿಲ್ಲದೆ ಸಾಯುತ್ತದೆ, ಒಂದು ದೋಷಸಂದೇಶವೂ ಬರುವುದಿಲ್ಲ.

ಯಾವುದನ್ನು ಬಿಡಬಹುದು? ಕೋರಿಕೆಯ ವಿಧಾನಗಳಲ್ಲಿ ಗೆಟ್, ಹೆಡ್, ಪೋಸ್ಟ್ ಮೂರು ಸಾಕು. ಉಳಿದ ವಿಧಾನಗಳಿಗೆ 501 (ಈ ಕೆಲಸ ನನಗೆ ಬರುವುದಿಲ್ಲ). ಕೀಪ್-ಅಲೈವ್, ಅಂದರೆ ಮುಂದಿನ ಕೋರಿಕೆಗೂ ಅದೇ ಸಂಪರ್ಕ ತೆರೆದಿಡುವುದು, ಬೇಡ, ಪ್ರತಿ ಉತ್ತರದಲ್ಲೂ ಕನೆಕ್ಷನ್ ಹೆಡರಿಗೆ ಕ್ಲೋಸ್ ಎಂದು ಬರೆದು ಮುಚ್ಚಿ. ತುಂಡುತುಂಡಾಗಿ, ಅಂದರೆ ಚಂಕ್ಡ್ ರೂಪದಲ್ಲಿ ಬರುವ ಪೋಸ್ಟ್ ಓದಲು ಬರದಿದ್ದರೆ ಅದಕ್ಕೂ 501. ಮೈ ಎಷ್ಟು ಬೈಟು ಎಂದು ಹೇಳುವ ಕಂಟೆಂಟ್-ಲೆಂಗ್ತ್ ಹೆಡರ್, ಮೈ ಚಂಕ್ಡ್ ರೂಪದಲ್ಲಿ ಬರುತ್ತದೆ ಎನ್ನುವ ಟ್ರಾನ್ಸ್‌ಫರ್-ಎನ್‌ಕೋಡಿಂಗ್ ಹೆಡರ್ ಎರಡೂ ಒಟ್ಟಿಗೆ ಬಂದರೆ ಯಾವುದು ನಿಜ ಎಂದು ಊಹಿಸಲು ಹೋಗಬೇಡಿ, 400 (ತಪ್ಪು ಕೋರಿಕೆ) ಕೊಟ್ಟು ಕಳಿಸಿ. ಎಚ್‌ಟಿಟಿಪಿಎಸ್ ಅಂತೂ ಬೇಡವೇ ಬೇಡ. ಜಾವಾದವರು 2022ರಲ್ಲಿ, 18ನೇ ಆವೃತ್ತಿಯಲ್ಲಿ ಕೊಟ್ಟ ಜೆವೆಬ್‌ಸರ್ವರ್ ಇದಕ್ಕಿಂತಲೂ ಜಿಪುಣ: ಗೆಟ್ ಮತ್ತು ಹೆಡ್ ಎರಡೇ, ಬರೀ ಫೈಲ್‌ಗಳು, ಸ್ವಂತ ಯಂತ್ರಕ್ಕಷ್ಟೇ. ಆ ಜಿಪುಣತನ ನಮಗೆ ಇಷ್ಟ.

ಬಿಡಲೇಬಾರದ್ದು ದಾರಿಯ ತಪಾಸಣೆ. ವಿಳಾಸದಲ್ಲಿ ಎರಡು ಚುಕ್ಕಿ ಬರೆದು ಫೋಲ್ಡರಿನಿಂದ ಮೇಲಕ್ಕೆ ಹತ್ತುವ ಆಟ ಹಳೆಯದು, ಆದರೂ 2021ರಲ್ಲಿ ಅಪಾಚೆ ವೆಬ್ ಸರ್ವರಿನ 2.4.49 ಆವೃತ್ತಿಯೇ ಅದಕ್ಕೆ ಸಿಕ್ಕಿಬಿತ್ತು, 2.4.50ರಲ್ಲಿ ಮಾಡಿದ ದುರಸ್ತಿಯೂ ಸಾಲದೆ 2.4.51 ಬಿಡಬೇಕಾಯಿತು. ಕ್ರಮ ಹೀಗಿರಲಿ: ಪ್ರಶ್ನಾರ್ಥಕ ಚಿಹ್ನೆಯ ಮುಂದಿನದನ್ನು ಕತ್ತರಿಸಿ, ಶೇಕಡಾ ಚಿಹ್ನೆಯ ಸಂಕೇತಗಳನ್ನು ಒಂದೇ ಒಂದು ಸಲ ಬಿಡಿಸಿ, ಸೊನ್ನೆ ಬೈಟು ಇದ್ದರೆ ತಳ್ಳಿಹಾಕಿ, ಆಪರೇಟಿಂಗ್ ಸಿಸ್ಟಮಿನಿಂದಲೇ ಪೂರ್ಣ ದಾರಿ ಕೇಳಿ ಪಡೆಯಿರಿ, ಅದು ನಿಮ್ಮ ಮೂಲ ಫೋಲ್ಡರಿನ ಒಳಗಿದೆಯೇ ನೋಡಿ. ಹೋಲಿಸುವಾಗ ಕೊನೆಯ ಓರೆಗೆರೆಯನ್ನೂ ಸೇರಿಸಿ ಹೋಲಿಸಬೇಕು. ಇಲ್ಲದಿದ್ದರೆ 'ತಾಣ' ಎಂಬ ಫೋಲ್ಡರಿಗೆ ಬಿಟ್ಟ ಅನುಮತಿ ಪಕ್ಕದ 'ತಾಣ-ಹಳೆಯದು' ಫೋಲ್ಡರಿಗೂ ಸಲ್ಲುತ್ತದೆ. ವಿಂಡೋಸಿನಲ್ಲಿ ಹಿಮ್ಮುಖ ಓರೆಗೆರೆಯನ್ನೂ ನೋಡಿಕೊಳ್ಳಿ.

ಭಾಷೆಯ ಕಡೆಯಿಂದ ಇದನ್ನೆಲ್ಲ ಒಂದು ಫಂಕ್ಷನ್ ಆಗಿ ತೋರಿಸಿದರೆ ಸಾಕು. ಕೋರಿಕೆ ಒಳಗೆ ಬರುತ್ತದೆ. ಸ್ಥಿತಿ ಸಂಖ್ಯೆ, ಹೆಡರ್‌ಗಳು, ಮೈ ಮೂರೂ ಹೊರಗೆ ಬರುತ್ತವೆ. ಸರ್ವರಿಗೂ ಪ್ರೋಗ್ರಾಮಿಗೂ ನಡುವಿನ ಒಪ್ಪಂದವಾದ ಪೈಥಾನಿನ ಡಬ್ಲ್ಯುಎಸ್‌ಜಿಐ 2003ರಲ್ಲಿ ಹಾಕಿದ ಗೆರೆಯೂ ಹೆಚ್ಚುಕಡಿಮೆ ಇದೇ. ಫಂಕ್ಷನ್ನಿನೊಳಗೆ ದೋಷವಾದರೆ 500 (ಸರ್ವರಿನ ಒಳಗೆ ದೋಷ) ಕೊಡಬೇಕು, ಸರ್ವರ್ ಬೀಳಬಾರದು. ಹೆಡರಿನ ಬೆಲೆಯಲ್ಲಿ ಹೊಸಸಾಲಿನ ಬೈಟು ಇದ್ದರೆ ಒಪ್ಪಬೇಡಿ, ಅದರ ಮೂಲಕ ಬೇರೆಯವರು ತಮ್ಮದೇ ಹೆಡರ್ ನುಗ್ಗಿಸಬಹುದು. ಇನ್ನೊಂದು ತೀರ್ಮಾನ ಬಾಕಿ ಇದೆ: ಒಂದು ಕೋರಿಕೆಯಲ್ಲಿ ಬದಲಾದ ಗ್ಲೋಬಲ್ ಚರ ಮುಂದಿನ ಕೋರಿಕೆಗೂ ಹಾಗೇ ಉಳಿಯಬೇಕೆ? ಪಿಎಚ್‌ಪಿ ಪ್ರತಿ ಸಲ ಒರೆಸಿ ಹೊಸದಾಗಿ ಶುರು ಮಾಡುತ್ತದೆ. ಕಲಿಯುವವರ ಭಾಷೆಗೆ ಅದೇ ಒಳ್ಳೆಯದು. ನಿಧಾನವಾದರೂ ಗೊಂದಲವಿಲ್ಲ.

ಪ್ರಶ್ನೆ: ನನ್ನ ಸರ್ವರಿನಲ್ಲಿ ಇಂಗ್ಲಿಷ್ ಪುಟ ಸರಿಯಾಗಿ ಬರುತ್ತದೆ. 'ಮಂಗಳೂರು' ಎಂದು ಕಳಿಸಿದರೆ 'ಮಂ' ಬಂದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಕಾಣುತ್ತದೆ, ಅಷ್ಟೇ. ಫಾಂಟ್ ತೊಂದರೆಯೇ? ಚಿತ್ರಗಳೂ ಬರುತ್ತಿಲ್ಲ.
— ಬಿ.ಸಿ.ಎ. ವಿದ್ಯಾರ್ಥಿನಿ, ಕಾರ್ಕಳ

ಉತ್ತರ: ಫಾಂಟ್ ಪಾಪ, ಅದರ ತಪ್ಪೇನಿಲ್ಲ. ಕಂಟೆಂಟ್-ಲೆಂಗ್ತ್ ಹೆಡರಿನಲ್ಲಿ 7 ಎಂದು ಕಳಿಸಿದ್ದೀರಿ, 21 ಎಂದಿರಬೇಕಿತ್ತು. ಲೆಕ್ಕ ನೋಡಿ. 'ಮಂಗಳೂರು' ಪದದಲ್ಲಿ ಯೂನಿಕೋಡಿನ ಏಳು ಸಂಕೇತಗಳಿವೆ: ಮ, ಅನುಸ್ವಾರ, ಗ, ಳ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ನಿಮ್ಮ ಭಾಷೆಯ 'ಉದ್ದ' ಫಂಕ್ಷನ್ ಇದನ್ನೇ ಎಣಿಸಿ 7 ಎಂದಿತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು, ಅಲ್ಲಿಗೆ 21. ಬ್ರೌಸರ್ ಹೇಳಿದಷ್ಟೇ ಓದುತ್ತದೆ. ಮೊದಲ ಆರು ಬೈಟಿಗೆ 'ಮಂ' ಆಯಿತು, ಏಳನೆಯದು 'ಗ'ದ ಮೊದಲ ಮೂರರಲ್ಲೊಂದು ಭಾಗ. ಅರ್ಧಕ್ಕೆ ತುಂಡಾದ ಆ ಗಕಾರವೇ ನೀವು ಕಂಡ ಕಪ್ಪು ವಜ್ರ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟಾದ್ದರಿಂದ ತಪ್ಪು ಬಚ್ಚಿಟ್ಟುಕೊಂಡಿತ್ತು. ಕನ್ನಡದಲ್ಲಿ ಪರೀಕ್ಷೆ ಮಾಡಿದ್ದೇ ಒಳ್ಳೆಯದಾಯಿತು.

ಪರಿಹಾರ: ಮೊದಲು ಪಠ್ಯವನ್ನು ಬೈಟುಗಳಾಗಿ ಪರಿವರ್ತಿಸಿ, ಆಮೇಲೆ ಎಣಿಸಿ, ಆಮೇಲೆ ಹೆಡರ್ ಬರೆಯಿರಿ. ಈ ಕೆಲಸವನ್ನು ಬಳಕೆದಾರರಿಗೆ ಬಿಡದೆ ಸರ್ವರೇ ಮಾಡಲಿ. ಜೊತೆಗೆ ಕಂಟೆಂಟ್-ಟೈಪ್ ಹೆಡರಿನಲ್ಲಿ ಕ್ಯಾರೆಕ್ಟರ್‌ಸೆಟ್ ಯುಟಿಎಫ್-8 ಎಂದು ಬರೆಯದಿದ್ದರೆ ಬ್ರೌಸರ್ ತಾನೇ ಊಹಿಸಲು ಹೋಗಿ, ಇಡೀ ಪುಟ ವಿಚಿತ್ರ ಚಿಹ್ನೆಗಳ ಸಂತೆಯಾಗಬಹುದು.

ಚಿತ್ರಗಳದ್ದು ಇದರ ತಿರುಗಿದ ತಪ್ಪು. ಸಿ ಭಾಷೆಯ ಸ್ಟ್ರಿಂಗ್ ಉದ್ದದ ಫಂಕ್ಷನ್ ಸೊನ್ನೆ ಬೈಟು ಕಂಡಲ್ಲಿ ಎಣಿಕೆ ನಿಲ್ಲಿಸುತ್ತದೆ. ಪಿಎನ್‌ಜಿ ಫೈಲಿನ ಗುರುತಿನ ಎಂಟು ಬೈಟು ಮುಗಿದ ಕೂಡಲೇ ಒಂಬತ್ತನೆಯದೇ ಸೊನ್ನೆ. ಹಾಗಾಗಿ ಎಷ್ಟೇ ದೊಡ್ಡ ಚಿತ್ರವಿರಲಿ, ನಿಮ್ಮ ಸರ್ವರ್ ಕಳಿಸುವುದು 8 ಬೈಟು. ಉದ್ದವನ್ನು ಬೇರೆ ಚರದಲ್ಲಿ ಹೊತ್ತು ತನ್ನಿ. ವಿಂಡೋಸಿನಲ್ಲಿದ್ದರೆ ಫೈಲನ್ನು ಬೈನರಿ ವಿಧಾನದಲ್ಲೇ ತೆರೆಯಿರಿ. ಪಠ್ಯ ವಿಧಾನದಲ್ಲಿ ತೆರೆದರೆ ಆ ಗುರುತಿನಲ್ಲೇ ಇರುವ 26ನೇ ಸಂಖ್ಯೆಯ ಬೈಟನ್ನು ಫೈಲಿನ ಕೊನೆ ಎಂದು ತಿಳಿದು ಅಲ್ಲೇ ನಿಂತುಬಿಡುತ್ತದೆ. ಪಿಎನ್‌ಜಿ ರೂಪಿಸಿದವರು ಆ ಬೈಟನ್ನು ಅಲ್ಲಿ ಇಟ್ಟದ್ದು, ಎಂಎಸ್-ಡಾಸ್‌ನಲ್ಲಿ ಫೈಲನ್ನು ಪಠ್ಯವಾಗಿ ತೋರಿಸಹೊರಟರೆ ಅಲ್ಲೇ ನಿಲ್ಲಲಿ ಎಂದೇ.

ಪ್ರಶ್ನೆ: ಟರ್ಮಿನಲಿನಿಂದಲೇ ಪುಟ ತರಿಸುವ ಕರ್ಲ್ ಕಮಾಂಡಿನಲ್ಲಿ ಎಲ್ಲ ಸರಿ. ಕ್ರೋಮ್‌ನಲ್ಲಿ ತೆರೆದರೆ ಕೆಲವು ಸಲ ಪುಟ ಬರುತ್ತದೆ, ಕೆಲವು ಸಲ ಚಕ್ರ ತಿರುಗುತ್ತಲೇ ಇರುತ್ತದೆ. ಇದೆಂಥ ಕಥೆ ಮಾರಾಯ್ರೆ?
— ಓದುಗರು, ಸುರತ್ಕಲ್

ಉತ್ತರ: ಉಡುಪಿಯ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಹೊತ್ತು. ಟೋಕನ್ ಕೊಡಲು ಒಬ್ಬರೇ. ಸಾಲಿನ ಮೊದಲಿಗರು ಕೌಂಟರಿಗೆ ಬಂದು, ಏನು ಬೇಕೆಂದು ಹೇಳದೆ ಸುಮ್ಮನೆ ನಿಂತರೆ? ಹಿಂದಿನವರೆಲ್ಲ ಹಸಿದುಕೊಂಡು ನಿಲ್ಲಬೇಕು. ಕ್ರೋಮ್ ಮಾಡುವುದು ಇದನ್ನೇ. ಮುಂದೆ ಬೇಕಾದೀತು ಎಂದು ಅದು ಒಂದೆರಡು ಸಂಪರ್ಕಗಳನ್ನು ಮುಂಚಿತವಾಗಿ ತೆರೆದಿಟ್ಟು, ಅವುಗಳಲ್ಲಿ ಏನನ್ನೂ ಕಳಿಸದೆ ಕೂರುತ್ತದೆ. ನಿಮ್ಮ ಸರ್ವರ್ ಒಂದೇ ಥ್ರೆಡ್ಡಿನದು, ಅಂದರೆ ಒಂದು ಸಲಕ್ಕೆ ಒಂದೇ ಕೆಲಸ ಮಾಡುವಂಥದ್ದು. ಆ ಖಾಲಿ ಸಂಪರ್ಕವನ್ನು ಆಕ್ಸೆಪ್ಟ್ ಮಾಡಿ ರಿಸೀವ್‌ನಲ್ಲಿ ಕಾಯುತ್ತಿದೆ. ನಿಜವಾದ ಕೋರಿಕೆ ಹಿಂದೆ ಸಾಲಿನಲ್ಲಿದೆ. ಪೈಥಾನಿನ ಒಳಸರ್ವರಿಗೂ ಇದೇ ಗತಿಯಾಗಿತ್ತು, 2018ರ 3.7 ಆವೃತ್ತಿಯಲ್ಲಿ ಅದಕ್ಕೆ ಥ್ರೆಡ್ಡಿಂಗ್ ಸೇರಿಸಿದರು.

ನಿಮ್ಮ ಇಂಟರ್‌ಪ್ರಿಟರ್ ಹಲವು ಥ್ರೆಡ್‌ಗಳನ್ನು ತಾಳಲಾರದು ಎಂದಿಟ್ಟುಕೊಳ್ಳೋಣ. ಸಣ್ಣ ಭಾಷೆಗಳಲ್ಲಿ ಹೆಚ್ಚಿನವು ಹಾಗೆಯೇ. ಆಗ ಪೋಲ್ ಎಂಬ ಸಿಸ್ಟಮ್ ಕರೆ ಬಳಸಿ. ಎಲ್ಲ ಸಂಪರ್ಕಗಳನ್ನೂ ಅದರ ಕೈಗೆ ಕೊಟ್ಟರೆ ಯಾವುದರಲ್ಲಿ ಬೈಟು ಬಂದಿದೆ ಎಂದು ಹೇಳುತ್ತದೆ. ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಬಫರ್ ಇಟ್ಟು, ಖಾಲಿ ಸಾಲು ಸಿಕ್ಕಿ ಕೋರಿಕೆ ಪೂರ್ತಿಯಾದ ಮೇಲಷ್ಟೇ ಇಂಟರ್‌ಪ್ರಿಟರನ್ನು ಕರೆಯಿರಿ. ಇಂಟರ್‌ಪ್ರಿಟರ್ ಒಂದೇ, ಕಾಯುವ ಬಾಗಿಲು ಹಲವು. ಐದು ಸೆಕೆಂಡಿನಲ್ಲಿ ಏನೂ ಕಳಿಸದ ಸಂಪರ್ಕವನ್ನು ಮುಚ್ಚಿ.

ಇದಾದ ಮೇಲೂ ಒಂದು ಗಂಟು ಉಳಿಯುತ್ತದೆ. ನಿಮ್ಮ ಪುಟದ ಕೋಡು ತನ್ನದೇ ಸರ್ವರಿನ ಇನ್ನೊಂದು ವಿಳಾಸವನ್ನು ಕರೆದರೆ, ಉತ್ತರ ಕೊಡಬೇಕಾದವರೇ ಉತ್ತರಕ್ಕೆ ಕಾಯುತ್ತಾ ಕೂರುತ್ತಾರೆ. ಪಿಎಚ್‌ಪಿಯಲ್ಲೂ ಹೀಗಾಗುತ್ತದೆ, 7.4ರಿಂದ ಒಂದು ಎನ್ವಿರಾನ್‌ಮೆಂಟ್ ಚರದ ಮೂಲಕ ಹೆಚ್ಚಿನ ವರ್ಕರ್ ಪ್ರಕ್ರಿಯೆಗಳನ್ನು ಎಬ್ಬಿಸಬಹುದು, ವಿಂಡೋಸಿನಲ್ಲಿ ಆ ಸೌಲಭ್ಯ ಇಲ್ಲ. ನೀವು ಇದನ್ನು ಕೈಪಿಡಿಯಲ್ಲಿ ಬರೆದಿಟ್ಟರೆ ಸಾಕು.

ಪ್ರಶ್ನೆ: ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ವಿಳಾಸ ಬಳಕೆಯಲ್ಲಿದೆ ಎನ್ನುತ್ತದೆ. ಒಂದು ನಿಮಿಷ ಕಾದರೆ ಸರಿಯಾಗುತ್ತದೆ. ಯಾಕೆ?
— ಓದುಗರು, ಕಾಪು

ಉತ್ತರ: ಮೊದಲು ಸಂಪರ್ಕ ಮುಚ್ಚಿದವರ ಕಡೆ ಟಿಸಿಪಿ ಸ್ವಲ್ಪ ಹೊತ್ತು ಟೈಮ್-ವೇಟ್ ಎಂಬ ಸ್ಥಿತಿಯಲ್ಲಿ ಇರುತ್ತದೆ, ದಾರಿಯಲ್ಲಿ ತಡವಾದ ಹಳೆಯ ಪ್ಯಾಕೆಟ್ ಹೊಸ ಸಂಪರ್ಕಕ್ಕೆ ಬೀಳದಿರಲಿ ಎಂದು. ಲಿನಕ್ಸಿನಲ್ಲಿ ಅದು 60 ಸೆಕೆಂಡು. ಬೈಂಡ್‌ಗೆ ಮೊದಲು ಸಾಕೆಟ್ಟಿಗೆ ರಿಯೂಸ್-ಅಡ್ರೆಸ್ ಆಯ್ಕೆ ಹಾಕಿ, ಮುಗಿಯಿತು. ಆದರೆ ವಿಂಡೋಸಿನಲ್ಲಿ ಇದೇ ಹೆಸರಿನ ಆಯ್ಕೆಯ ಅರ್ಥ ಬೇರೆ: ಓಡುತ್ತಿರುವ ಇನ್ನೊಂದು ಪ್ರೋಗ್ರಾಮಿನ ಪೋರ್ಟಿನ ಮೇಲೆಯೇ ಹೋಗಿ ಕೂರಬಹುದು. ಅಲ್ಲಿ ಎಕ್ಸ್‌ಕ್ಲೂಸಿವ್ ಆಯ್ಕೆ ಹಾಕಬೇಕು.

ಪ್ರಶ್ನೆ: ದೊಡ್ಡ ಫೈಲ್ ಅಪ್‌ಲೋಡ್ ಮಾಡಿದರೆ 413 (ಕಳಿಸಿದ್ದು ತೀರಾ ದೊಡ್ಡದು) ಕೊಡುವಂತೆ ಬರೆದಿದ್ದೇನೆ. ಆದರೆ ಬ್ರೌಸರಿನಲ್ಲಿ ಆ ಸಂದೇಶ ಕಾಣುವುದಿಲ್ಲ, ಸಂಪರ್ಕ ಕಡಿಯಿತು ಎಂದು ಬರುತ್ತದೆ.
— ಸಾಫ್ಟ್‌ವೇರ್ ಉದ್ಯೋಗಿ, ಮಣಿಪಾಲ

ಉತ್ತರ: ಕಳಿಸುತ್ತಿರುವವರ ಬೈಟುಗಳನ್ನು ಓದದೆ ಕ್ಲೋಸ್ ಮಾಡುತ್ತಿದ್ದೀರಿ. ಓದದ ಬೈಟು ಉಳಿದಿರುವ ಸಾಕೆಟ್ ಮುಚ್ಚಿದರೆ ಆಪರೇಟಿಂಗ್ ಸಿಸ್ಟಮ್ ರೀಸೆಟ್ ಕಳಿಸುತ್ತದೆ. ಅದು ತಲುಪಿದಾಗ ಬ್ರೌಸರ್ ಇನ್ನೂ ಓದಿರದ ನಿಮ್ಮ ಉತ್ತರವೂ ಕಸಕ್ಕೆ ಹೋಗುತ್ತದೆ. ಉತ್ತರ ಬರೆದ ಮೇಲೆ ಶಟ್‌ಡೌನ್ ಕರೆಯಿಂದ ಬರೆಯುವ ಬದಿಯನ್ನಷ್ಟೇ ಮುಚ್ಚಿ, ಬರುತ್ತಿರುವುದನ್ನು ಒಂದೆರಡು ಸೆಕೆಂಡು ಓದಿ ಎಸೆಯಿರಿ, ಆಮೇಲೆ ಕ್ಲೋಸ್ ಮಾಡಿ.

ಪ್ರಶ್ನೆ: 'ಕೋಟ' ಎಂಬ ಹೆಸರಿನ ಪುಟ ಫೋಲ್ಡರಿನಲ್ಲಿ ಕಣ್ಣಿಗೆ ಕಾಣುತ್ತದೆ, ಸರ್ವರ್ ಮಾತ್ರ 404 ಎನ್ನುತ್ತದೆ.
— ಓದುಗರು, ಸಾಲಿಗ್ರಾಮ

ಉತ್ತರ: ಮೊದಲನೆಯ ಸಂಶಯ: ಶೇಕಡಾ ಸಂಕೇತ ಬಿಡಿಸಿಲ್ಲ. ಬ್ರೌಸರ್ ಕನ್ನಡ ಹೆಸರನ್ನು ಹಾಗೇ ಕಳಿಸುವುದಿಲ್ಲ. ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರವಾಗುತ್ತದೆ. 'ಕೋಟ'ದ 9 ಬೈಟು 27 ಅಕ್ಷರವಾಗಿ ಬಂದಿರುತ್ತದೆ. ಬಿಡಿಸುವಾಗ ಕೂಡಿಸುವ ಚಿಹ್ನೆಯನ್ನು ಖಾಲಿ ಜಾಗ ಮಾಡಬೇಡಿ, ಆ ನಿಯಮ ಫಾರಂಗಳಿಗೆ ಮಾತ್ರ, ಫೈಲಿನ ದಾರಿಗಲ್ಲ.

ಅದು ಸರಿಯಿದ್ದರೆ ಎರಡನೆಯದನ್ನು ನೋಡಿ. ಯೂನಿಕೋಡಿನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆ ಮೂರನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟಿನಲ್ಲಿ ಒಂದು 9, ಇನ್ನೊಂದು 15. ಫೈಲಿನ ಹೆಸರು ಒಂದು ರೂಪದಲ್ಲಿ, ಲಿಂಕ್ ಇನ್ನೊಂದು ರೂಪದಲ್ಲಿ ಇದ್ದರೆ ಲಿನಕ್ಸ್ ಅವನ್ನು ಎರಡು ಬೇರೆ ಹೆಸರು ಎಂದೇ ನೋಡುತ್ತದೆ. ಹೆಸರನ್ನು ಅಳಿಸಿ ಮತ್ತೆ ಟೈಪ್ ಮಾಡಿ ನೋಡಿ.

ಪ್ರಶ್ನೆ: ನಮ್ಮ ಶಾಲೆಯ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿನಲ್ಲಿ ಪೈಥಾನಿನ ಸರ್ವರ್ ಹಾಕಿ, ಮಕ್ಕಳು ಬೇರೆ ಕಂಪ್ಯೂಟರ್ ಮತ್ತು ಫೋನಿನಿಂದ ನೋಡುವಂತೆ ಮಾಡಬೇಕು. ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ. ಇದರಲ್ಲಿ ಅಪಾಯ ಉಂಟಾ?
— ಶಿಕ್ಷಕಿ, ಬ್ರಹ್ಮಾವರ

ಉತ್ತರ: ಪೈಥಾನಿನ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲ್ ಸುಮ್ಮನೆ ಶುರು ಮಾಡಿದರೆ ಎಲ್ಲ ನೆಟ್‌ವರ್ಕ್ ವಿಳಾಸಗಳಲ್ಲೂ ಬಾಗಿಲು ತೆರೆಯುತ್ತದೆ, ಆದ್ದರಿಂದ ನಿಮ್ಮ ಕಡೆ ಬೇರೇನೂ ಮಾಡಬೇಕಿಲ್ಲ. ವಿಂಡೋಸಿನಲ್ಲಿ ಐಪಿಕಾನ್ಫಿಗ್, ಲಿನಕ್ಸಿನಲ್ಲಿ ಐಪಿ ಅಡ್ರೆಸ್ ಕಮಾಂಡ್ ಕೊಟ್ಟರೆ 192.168ರಿಂದ ಅಥವಾ 10ರಿಂದ ಶುರುವಾಗುವ ವಿಳಾಸ ಸಿಗುತ್ತದೆ; ಮಕ್ಕಳು ಅದರ ಮುಂದೆ ಪೋರ್ಟ್ 8000 ಸೇರಿಸಲಿ. ಯಾರಿಗೂ ಬರದಿದ್ದರೆ ವಿಂಡೋಸಿನ ಫೈರ್‌ವಾಲ್ ನೋಡಿ. ತಂತಿ ಹಾಕಿದ ಕಂಪ್ಯೂಟರುಗಳಿಗೆ ಬಂದು ಫೋನುಗಳಿಗೆ ಮಾತ್ರ ಬರದಿದ್ದರೆ ವೈ-ಫೈ ರೂಟರಿನಲ್ಲಿ ಐಸೋಲೇಶನ್ ಆನ್ ಆಗಿರುವ ಸಾಧ್ಯತೆ ಹೆಚ್ಚು, ಅದು ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆಯುತ್ತದೆ.

ಅಪಾಯ ಉಂಟು. ಇಂಡೆಕ್ಸ್ ಪುಟ ಇಲ್ಲದ ಫೋಲ್ಡರಿನ ಇಡೀ ಪಟ್ಟಿಯನ್ನು ಈ ಸರ್ವರ್ ತೋರಿಸುತ್ತದೆ. ಡೆಸ್ಕ್‌ಟಾಪಿನಲ್ಲಿ ನಿಂತು ಶುರು ಮಾಡಿದರೆ ಅಂಕಪಟ್ಟಿಯೂ ಮಕ್ಕಳ ಫೋನಿಗೆ ಹೋಗುತ್ತದೆ. ಪಾಠದ್ದೊಂದೇ ಖಾಲಿ ಫೋಲ್ಡರ್ ಮಾಡಿ, ಡೈರೆಕ್ಟರಿ ಆಯ್ಕೆಯಲ್ಲಿ ಅದನ್ನೇ ಕೊಡಿ, ತರಗತಿ ಮುಗಿದ ಕೂಡಲೇ ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ. ನಿಮಗೊಬ್ಬರಿಗೇ ಬೇಕಾದ ದಿನ ಬೈಂಡ್ ಆಯ್ಕೆಗೆ 127.0.0.1 ಕೊಡಿ.

ಪ್ರಶ್ನೆ: ನಾವು ಕಟ್ಟಿದ ಭಾಷೆಯ ಒಳಸರ್ವರಿನಲ್ಲೇ ಅಡಿಕೆ ಧಾರಣೆಯ ಪುಟ ಮಾಡಿ ಇಪ್ಪತ್ನಾಲ್ಕು ಗಂಟೆ ಓಡಿಸಬೇಕೆಂದಿದ್ದೇವೆ. ದಿನಕ್ಕೆ ಒಮ್ಮೆ ದರ ಬದಲಾಗುತ್ತದೆ. ನಡೆಯುತ್ತದೆಯೇ?
— ಓದುಗರು, ಪುತ್ತೂರು

ಉತ್ತರ: ನಡೆಯುತ್ತದೆ, ಆದರೆ ನೇರ ಇಂಟರ್‌ನೆಟ್ಟಿಗೆ ಬಿಡಬೇಡಿ. ಮುಂದೆ ಎಂಜಿನ್‌ಎಕ್ಸ್ ಅಥವಾ ಕ್ಯಾಡಿಯಂಥ ಸಿದ್ಧ ವೆಬ್ ಸರ್ವರ್ ಇರಲಿ. ಎಚ್‌ಟಿಟಿಪಿಎಸ್, ಒಂದೊಂದೇ ಬೈಟು ಕಳಿಸಿ ಸತಾಯಿಸುವವರು, ವಿಚಿತ್ರ ಹೆಡರ್‌ಗಳು ಎಲ್ಲವನ್ನೂ ಅದು ನೋಡಿಕೊಳ್ಳುತ್ತದೆ. ನಿಮ್ಮದು 127.0.0.1ರಲ್ಲಿ ಹಿಂದೆ ಕೂತು ಕೆಲಸ ಮಾಡಲಿ. ಸಂಪರ್ಕಿಸುವಾಗ ಲೋಕಲ್‌ಹೋಸ್ಟ್ ಎಂಬ ಹೆಸರು ಬರೆಯದೆ ಅಂಕಿಯನ್ನೇ ಬರೆಯಿರಿ. ಕೆಲವು ಯಂತ್ರಗಳಲ್ಲಿ ಆ ಹೆಸರು ಮೊದಲು ಐಪಿವಿ6 ವಿಳಾಸಕ್ಕೆ ಹೋಗುತ್ತದೆ, ಅಲ್ಲಿ ನಿಮ್ಮ ಸರ್ವರ್ ಇರುವುದಿಲ್ಲ.

ನಿಜ ಹೇಳಬೇಕೆಂದರೆ ನಿಮ್ಮ ಕೆಲಸಕ್ಕೆ ಓಡುವ ಸರ್ವರೇ ಬೇಡ. ದಿನಕ್ಕೊಮ್ಮೆ ಬದಲಾಗುವ ಪುಟವನ್ನು ಪ್ರತಿ ಕೋರಿಕೆಗೂ ಹೊಸದಾಗಿ ಲೆಕ್ಕ ಹಾಕಿ ಬಡಿಸುವುದೇಕೆ? ನಿಮ್ಮ ಭಾಷೆಯ ಪ್ರೋಗ್ರಾಂ ಸಂಜೆ ಒಮ್ಮೆ ಓಡಿ ಒಂದು ಎಚ್‌ಟಿಎಂಎಲ್ ಫೈಲ್ ಬರೆಯಲಿ, ಎಂಜಿನ್‌ಎಕ್ಸ್ ಅದನ್ನು ಕೊಡುತ್ತಿರಲಿ. ಬರೆಯುವಾಗ ಮೊದಲು ಬೇರೆ ಹೆಸರಿನಲ್ಲಿ ಅದೇ ಫೋಲ್ಡರಿಗೆ ಪೂರ್ತಿ ಬರೆದು, ಆಮೇಲೆ ರೀನೇಮ್ ಮಾಡಿ. ಲಿನಕ್ಸಿನಲ್ಲಿ ರೀನೇಮ್ ಒಂದೇ ಏಟಿಗೆ ಆಗುತ್ತದೆ, ಅರ್ಧ ಬರೆದ ದರಪಟ್ಟಿ ಯಾರ ಕಣ್ಣಿಗೂ ಬೀಳುವುದಿಲ್ಲ.